ಚಲಪತಿ ಒಡೆದ ಮನೆ

ಕೋರಮಂಡಲ್ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತುವವರಿಗೆಲ್ಲ ಚಲಪತಿ ಗೊತ್ತು. ಕಿಟಕಿ ಪಕ್ಕದ ಸೀಟು, ಮೂಗಿಗೆ ತಾಗುವಷ್ಟು ಹತ್ತಿರ ಮೊಬೈಲು, ಎರಡು ಹೆಬ್ಬೆರಳಿಗೂ ಬಿಡುವಿಲ್ಲ. ವಯಸ್ಸು ನಲವತ್ತು. ವೈಟ್‌ಫೀಲ್ಡಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಳಿಸುವ ಕೆಲಸ. ಅಲ್ಲಿ ಅವನನ್ನು ಕೇಳುವವರಿಲ್ಲ. ಆದರೆ ಮೊಬೈಲಿನೊಳಗೆ ಅವನ ಹೆಸರು ಕೇಳಿದರೆ ನೂರಾರು ಜನ ನಡುಗುತ್ತಾರೆ. ನಗಬೇಡಿ, ಅವನ ಪಾಲಿಗೆ ಅದು ಸಣ್ಣ ವಿಷಯವಲ್ಲ.

ಅದೊಂದು ಆಟ. ಕಾಡು, ಕೆರೆ, ಗುಡ್ಡಗಳ ದೊಡ್ಡ ಲೋಕ. ಬರಿಗೈಯಲ್ಲಿ ಇಳಿದು, ಮರ ಕಡಿದು, ಕಲ್ಲು ಅಗೆದು, ಮನೆ ಕಟ್ಟಿ, ಹಸಿವು ಚಳಿ ತಡೆದುಕೊಂಡು ಬದುಕಬೇಕು. ಬೇಕೆಂದವರು ಬೇಸಾಯವನ್ನೂ ಮಾಡಬಹುದು. ಚಲಪತಿಗೆ ಅದೊಂದೂ ಬೇಡ. ಅವನಿಗೆ ಬೇಕಾದದ್ದು ಹೊಡೆದಾಟ, ಆಮೇಲೆ ಲೂಟಿ. ಯಾರೋ ಕಟ್ಟಿದ ಮನೆಯ ಗೋಡೆಗೆ ಮದ್ದಿಟ್ಟು ಸಿಡಿಸುವುದು, ಎದುರಾದವರನ್ನು ಉರುಳಿಸುವುದು, ಪೆಟ್ಟಿಗೆ ಬರಿದು ಮಾಡಿಕೊಂಡು ಹೊರಡುವುದು. ಇದಕ್ಕೆಲ್ಲ ಜೊತೆಗಾರ ಅದೇ ರೈಲಿನಲ್ಲಿ ಎದುರು ಕೂರುವ ಸುಬ್ರಮಣಿ.

ಮದ್ದಿನ ಕೆಲಸ ಅವನ ಮನೆಗೆ ಹೊಸದೇನಲ್ಲ. ಅಪ್ಪ ದೊಡ್ಡವೆಂಕಟಪ್ಪ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸುತ್ತಿದ್ದವರು. ಬತ್ತಿಗೆ ಬೆಂಕಿ ಇಡುವ ಮುಂಚೆ ಮೂರು ಸಲ ಕೂಗಿ, ಆಚೆಯಿಂದ ಯಾರಾದರೂ ಓಗೊಡುತ್ತಾರಾ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದರು. "ಗ್ವಾಡೆ ಅಂದ್ಮೇಲೆ ಅದ್ರಾಚೆ ಯಾರಾದ್ರೂ ಇದ್ದೇ ಇರ್ತಾರೆ ಕಣ್ಲಾ" ಅನ್ನುವುದು ಅವರ ಮಾತು. ಮಗನೂ ಅದೇ ಕೆಲಸಕ್ಕೆ ಹೋಗಬೇಕಾದವನು. ಅವನಿಗೆ ಹದಿನೇಳು ತುಂಬುವ ಹೊತ್ತಿಗೆ ಗಣಿಗೆ ಬೀಗ ಬಿತ್ತು. ಆಟದಲ್ಲಿ ಮದ್ದಿಡುವಾಗ ಚಲಪತಿ ಯಾವತ್ತೂ ಕೂಗಿದವನಲ್ಲ. ಕೂಗಿದರೆ ಲೂಟಿ ಹೇಗೆ ನಡೆದೀತು?

ಹೆಂಡತಿ ಶ್ಯಾಮಲಾ ಮಗಳು ಸಹನಳನ್ನು ಕರೆದುಕೊಂಡು ಬೂದಿಕೋಟೆಯ ತವರಿಗೆ ಹೋಗಿ ಎರಡು ವರ್ಷವಾಯಿತು. ಕುಡಿತವಿಲ್ಲ, ಹೊಡೆತವಿಲ್ಲ, ಯಾರಿಗಾದರೂ ಹೇಳಿಕೊಳ್ಳುವಂಥ ಕಾರಣವೇ ಇಲ್ಲ. ಮಗುವಿಗೆ ಜ್ವರ ನೆತ್ತಿಗೇರಿದ ದಿನ ಈತ ಯಾರದೋ ಕೋಟೆಗೆ ನುಗ್ಗುತ್ತ "ಐದೇ ನಿಮ್ಸ" ಅಂದಿದ್ದ. ತಲೆ ಎತ್ತಿ ನೋಡಿದಾಗ ಶ್ಯಾಮಲಾ ಒಬ್ಬಳೇ ಮಗುವನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೋಗಿ ಆಗಿತ್ತು. ಆಮೇಲೆ ಬಟ್ಟೆ ಗಂಟು ಕಟ್ಟುತ್ತ ಒಂದೇ ಮಾತು ಹೇಳಿದಳು. "ನಿನ್ ಕಣ್ಗೆ ನಾವು ಬೀಳ್ಬೇಕಂದ್ರೆ ಆ ಫೋನೊಳ್ಗೇ ಬರ್ಬೇಕು."

ಹನ್ನೊಂದು ವರ್ಷದ ಸಹನ ಹಾಗೇ ಮಾಡಿದಳು. ಒಂದು ಭಾನುವಾರ ಚಲಪತಿ ನೋಡಲು ಹೋದಾಗ ಪಿಸುಮಾತಿನಲ್ಲಿ ಅಂದಳು: "ಅಪ್ಪಾ, ನೀನಾಡೋ ಲೋಕಕ್ಕೇ ನಾನೂ ಬಂದಿವ್ನಿ. ಅಮ್ಮನ್ ಫೋನಾಗೆ. ಕೆರೆ ಪಕ್ಕ ಮನೆ ಕಟ್ಟಿವ್ನಿ. ಎಲ್ಲೀಂತ ಯೇಳಲ್ಲ, ನೀನೇ ಉಡುಕ್ಕೊಂಡು ಬಾ."

"ಬತ್ತೀನಿ ಕಣಮ್ಮಾ, ನಾಳೇನೇ ಬತ್ತೀನಿ."

ಮಗಳು ಇನ್ನೂ ತನ್ನನ್ನು ಬಿಟ್ಟಿಲ್ಲ ಎನ್ನುವ ಖುಷಿಗೆ ಬಸ್ಸಿನಲ್ಲಿ ಅವನ ಕಣ್ಣು ತುಂಬಿ ಬಂತು. ಆ ಮನೆಗೊಮ್ಮೆ ಹೋಗಿ ಅವಳ ಮುಂದೆ ನಿಂತರೆ ಸಾಕು, ಉಳಿದದ್ದೂ ಮೆಲ್ಲಗೆ ಸರಿಹೋದೀತು ಎಂದು ಆಸೆಪಟ್ಟ. ಆದರೆ ಆ ಲೋಕದಲ್ಲಿ ಕೆರೆಗಳು ಒಂದೆರಡಲ್ಲ. ದಿನವೂ ಹುಡುಕಲು ಹೊರಡುವುದು, ದಾರಿಯಲ್ಲಿ ಯಾರಾದರೂ ಎದುರಾಗುವುದು, ಹೊಡೆದಾಟಕ್ಕೆ ಬೀಳುವುದು. "ಸಿಕ್ತಾ ಅಪ್ಪಾ?" ಎಂದು ಅವಳು ಫೋನು ಮಾಡಿದಾಗಲೆಲ್ಲ ನಾಳೆ ನಾಳೆ ಅನ್ನುತ್ತ ಮೂರು ವಾರ ಕಳೆದ.

ನಾಲ್ಕನೇ ವಾರ, ರೈಲು ಟೇಕಲ್ ದಾಟುತ್ತಿತ್ತು. ಆಟದೊಳಗೆ ಇಬ್ಬರೂ ಗುಡ್ಡ ಇಳಿಯುತ್ತಿದ್ದಾಗ ಮರಗಳ ಸಂದಿಯಲ್ಲಿ ಒಂದು ಮನೆಯ ಹಿಂಬದಿ ಕಾಣಿಸಿತು.

"ಡೇಯ್ ಚಲಪತಿ, ಮನೆ ಐತೆ ನೋಡ್ರಾ" ಅಂದ ಸುಬ್ರಮಣಿ. "ಮಾಲೂರು ಬರೋದ್ರೊಳ್ಗೆ ಮುಗ್ಸು."

ಚಲಪತಿಯ ಹೆಬ್ಬೆರಳು ತಾನಾಗಿಯೇ ಮದ್ದಿಟ್ಟಿತು. ಗೋಡೆ ಬಿತ್ತು. ಒಳಗೆ ಯಾರೋ ನೆಲದ ಮೇಲೆ ಮಲಗಿದ್ದರು. ಆಡುವವರು ಫೋನು ಕೆಳಗಿಟ್ಟು ಹೋದರೆ ಅವರ ಬೊಂಬೆ ಹಾಗೆ ಮಲಗಿಯೇ ಇರುತ್ತದೆ. ಮಲಗಿದವರನ್ನು ಬಿಡುವ ಪದ್ಧತಿ ಅವನದಲ್ಲ, ಒಂದೇ ಏಟಿಗೆ ಮುಗಿಸಿದ. ಸತ್ತವರ ಹೆಸರು ಪರದೆಯ ಮೇಲೆ ಬಂತು. ಚಿಟ್ಟಿ.

ಸಹನಳನ್ನು ಹಾಗೆ ಕರೆಯುವವನು ಭೂಮಿಯ ಮೇಲೆ ಅವನೊಬ್ಬನೇ.

ಸುತ್ತ ತಿರುಗಿಸಿ ನೋಡಿದ. ಗುಡ್ಡದಿಂದ ಕಾಣದಿದ್ದ ಕೆರೆ ಮನೆಯ ಪಕ್ಕದಲ್ಲೇ ಇತ್ತು. ಒಂದು ಕೋಣೆ, ಹಿಂದೆ ಅಡುಗೆಮನೆ, ಮುಂದೆ ಕಡ್ಡಿ ಸೇರಿಸಿ ಕಟ್ಟಿದ ತಟ್ಟಿ. ಅದರ ಪಕ್ಕಕ್ಕೆ ಅಂಥದೇ ಇನ್ನೊಂದು, ಮತ್ತೊಂದು, ಸಾಲಾಗಿ ಹತ್ತು ಮನೆ. ಗಣಿ ಕೆಲಸಗಾರರ ಕೋರಮಂಡಲ್ ಲೈನು. ತಾನು ಹುಟ್ಟಿದ ಬೀದಿಯನ್ನು ನೆನಪಿನಿಂದಲೇ ಕಟ್ಟಿದ್ದಳು ಮಗು. ಸುಬ್ರಮಣಿ ಆಗಲೇ ಪೆಟ್ಟಿಗೆ ತೆಗೆದಿದ್ದ. "ಥೂ, ಬರೀ ತಿನ್ನೋ ಸಾಮಾನು" ಎಂದು ಎಲ್ಲವನ್ನೂ ಬಾಚಿಕೊಂಡ. ಚಲಪತಿ ಗೋಡೆಯನ್ನು ಮತ್ತೆ ಎಬ್ಬಿಸಲು ನೋಡಿದ. ಮೂರು ವರ್ಷದಿಂದ ಆಡುತ್ತಿದ್ದಾನೆ, ಗೋಡೆ ಕಟ್ಟುವುದು ಹೇಗೆಂದೇ ಗೊತ್ತಿಲ್ಲ. ಒಂದು ಕಲ್ಲನ್ನು ಕೂಡ ಸರಿಯಾಗಿ ಕೂರಿಸಲು ಆಗಲಿಲ್ಲ. ಅಷ್ಟರಲ್ಲಿ ಮಾಲೂರು ಬಂತು. ಜನ ನುಗ್ಗಿದರು, ಯಾರೋ ಅವನ ಕಾಲು ತುಳಿದರು, ಅದೂ ಅವನಿಗೆ ತಿಳಿಯಲಿಲ್ಲ.

ಭಾನುವಾರ ಬೂದಿಕೋಟೆಗೆ ಹೊರಟಾಗ ಎಲ್ಲ ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡಿದ್ದ. ಶ್ಯಾಮಲಾ ಬಾಗಿಲಲ್ಲೇ ತಡೆದಳು. "ನಾಕ್ ದಿನದಿಂದ ಅಳ್ತಾ ಕುಂತವ್ಳೆ. ನೀನಾದ್ರೂ ಕೇಳು."

ಸಹನ ಬಂದು ಅವನ ತೋಳು ಹಿಡಿದುಕೊಂಡಳು. "ಅಪ್ಪಾ, ನಮ್ಮನೆ ಯಾರೋ ಒಡ್ದಾಕ್ಬುಟ್ರು. ನಾವ್ ಇಲ್ದಿದ್ದಾಗ ಒಡುದ್ರೆ ಯಾರಂತ ಆ ಆಟ ಯೇಳೋದೇ ಇಲ್ಲ."

ಚಲಪತಿ ಬಾಯಿ ತೆರೆದ.

"ತಿನ್ನೋದೆಲ್ಲ ನಿಂಗೇಂತ ಮಡ್ಗಿದ್ದೆ. ನಾನ್ ಇಸ್ಕೂಲಾಗೆ ಇರೋವಾಗ ನೀನ್ ಬಂದ್ರೆ ಒಳಿಕ್ ಬರ್ಲೀಂತ ಬಾಗ್ಲೂ ತೆಗ್ದೇ ಬುಟ್ಟಿದ್ದೆ. ತೆಗ್ದೇ ಇತ್ತಲ್ಲಪ್ಪಾ, ಅವ್ರು ಗ್ವಾಡೆ ಯಾಕೆ ಒಡುದ್ರು?"

"ಗೊತ್ತಿಲ್ಲ ಕಣಮ್ಮಾ" ಎಂದವನು ಎಲ್ಲರೆದುರೂ ಅತ್ತುಬಿಟ್ಟ.

ಸಹನ ಗಾಬರಿಯಾಗಿ ಅವನ ಕಣ್ಣೊರೆಸಿದಳು. "ನೀನ್ಯಾಕೆ ಅಳ್ತೀಯಾ? ಓಗ್ಲಿ ಬುಡಪ್ಪಾ. ಇನ್ನೊಂದ್ ಕಟ್ತೀನಿ. ಈ ಸಲ ಬೀಗ ಆಕ್ತೀನಿ."