ತೊಳೆದಿಟ್ಟ ಗಡಿಗೆಗಳು

ಬಣ್ಣದ ಕಾಕಾನ ಕೈಗಳು ಮೊಣಕೈವರೆಗೆ ಕೆಂಪು. ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಜೀವಮಾನವೆಲ್ಲ ಬಣ್ಣ ಹಾಕಿದವರು. ಪೂಜೆಗೆ ಕೂತರೆ ಲಿಂಗಕ್ಕಿಂತ ಮೊದಲು ಅಂಗೈಯೇ ಕಣ್ಣಿಗೆ ಬೀಳುತ್ತಿತ್ತು. ಅವರ ಪಕ್ಕದ ಮನೆಯವನಾದ ನಾನು ಸರಕಾರಿ ಗುಮಾಸ್ತ. ಅಂದರೆ, ಯಾವ ಕೆಲಸವೂ ಅವಸರದಲ್ಲಿ ಆಗಿಬಿಡದಂತೆ ಕಾಯುವವ.

ಎಪ್ಪತ್ತರ ದಶಕದ ಒಂದು ಬೇಸಿಗೆ. ಬಣ್ಣದ ಮೋರಿಗಳೆಲ್ಲ ಸೇರುವ ಊರ ಹಳ್ಳದ ಹೂಳನ್ನು ಎತ್ತಿನ ಚಕ್ಕಡಿಯಲ್ಲಿ ಹೊಲ, ಹಿತ್ತಲಿಗೆ ಗೊಬ್ಬರವಾಗಿ ಹೊಡೆಸುವುದು ಪದ್ಧತಿ. ಆ ವರ್ಷ ಕಾಕಾ ಅಡ್ಡ ನಿಂತರು.

"ಈ ರಾಡಿ ಬ್ಯಾಡ್ರೋ. ನಮ್ಮ ಬಣ್ಣೆಲ್ಲಾ ಇದರಾಗ ಕುಂತೈತಿ. ಮೊದಲ ಇಲ್ಲಿ ಏಡಿ ಇದ್ದುವು. ಈಗ ಒಂದರ ತೋರಸು."

"ನೀರು ತಿಳಿ ಅದಾವಲ್ರಿ ಕಾಕಾ," ಎಂದೆ.

"ನೀರು ಹರದು ಹೋಗ್ತಾವಲೇ. ರಾಡಿ ಎಲ್ಲಿ ಹೋಗ್ತೈತಿ?"

ಎರಡು ಗಡಿಗೆ ತಂದರು. ಒಂದರಲ್ಲಿ ಊರ ಮೇಲ್ಗಡೆಯ ಕೆಸರು, ಇನ್ನೊಂದರಲ್ಲಿ ತಮ್ಮದೇ ಮೋರಿಯ ಕೆಳಗಿನದು. ಎರಡಕ್ಕೂ ಎರೆಹುಳು ಬಿಟ್ಟರು. ಎಂಟು ದಿನಕ್ಕೆ ಮೊದಲಿನವು ಕ್ಷೇಮ; ಕಾಕಾನ ಮೋರಿಯ ಕೆಸರಿನಲ್ಲಿ ಒಂದೂ ಉಳಿಯಲಿಲ್ಲ. ಸ್ವಂತ ಕಸುಬಿನ ವಿರುದ್ಧವೇ ಸಾಕ್ಷಿ ಹೇಳಲು ಗಡಿಗೆ ಹೊತ್ತು ನಮ್ಮ ಕಚೇರಿಗೇ ಬಂದು, ಅಲ್ಲೇ ಇಟ್ಟು ಹೋದರು. ಹೂಳು ಎತ್ತಬೇಕೋ ಬೇಡವೋ ಎಂದು ಮರುದಿನ ಸಾಹೇಬರು ಬಂದು ನಿರ್ಧರಿಸುವವರಿದ್ದರು.

ನಾನು ಜವಾನನಿಗೆ ಹೇಳಿದ್ದು ಇಷ್ಟೇ: "ಕಚೇರಿ ಲಕಲಕ ಹೊಳೀಬೇಕು ನೋಡಪಾ." ಆಜ್ಞಾಪಾಲನೆಯಲ್ಲಿ ಆ ಮಹಾನುಭಾವನಿಗೆ ಎಣೆಯಿಲ್ಲ. ಕೆಸರು ಚೆಲ್ಲಿ, ಗಡಿಗೆಗಳನ್ನು ಬೂದಿಯಿಂದ ತಿಕ್ಕಿ, ಬಾಗಿಲಲ್ಲಿ ಬೋರಲು ಹಾಕಿದ್ದ. ಸಾಹೇಬರು ಹಳ್ಳದ ನೀರಿನ ಬಾಟಲಿಯನ್ನು ಬೆಳಕಿಗೆ ಹಿಡಿದರು, 'ನೀರು ನಿರ್ಮಲ, ಹೂಳು ಎತ್ತಬಹುದು, ಕಚೇರಿ ಸ್ವಚ್ಛ' ಎಂದು ಬರೆದು ಸಹಿ ಹಾಕಿದರು, ಅಮೀನಗಡದ ಕರದಂಟು ತಿಂದು ಹೊರಟರು.

ಕಾಕಾ ಬಂದು ಗಡಿಗೆ ಎತ್ತಿ ಒಳಗೆ ನೋಡಿದರು. "ಛಲೋ ತಿಕ್ಕೀರಿ. ಹಳ್ಳಾನೂ ಹಿಂಗ ತಿಕ್ಕಾಕ ಬರ್ತಿದ್ರ!"

ಹೂಳಿನ ಮೊದಲ ಚಕ್ಕಡಿ ನನ್ನ ಹಿತ್ತಲಿಗೇ ಬಂತು. ಬೇಡವೆನ್ನಲು ನಾನು ಯಾರು? ಸಾಹೇಬರ ಸಹಿಯಿತ್ತು. ಆ ಸಲದ ಮೆಂತ್ಯೆ ಎರಡೆಲೆ ಒಡೆದು, ಹಳದಿಯಾಗಿ ಮಲಗಿತು. ಗೋಡೆಯಾಚೆಯಿಂದ ಕಾಕಾ ಇಣುಕಿದರು. "ಹುಳ ಅರ್ಜಿ ಕೊಟ್ಟಿದ್ದುವಲೇ. ನೀ ಓದಲಿಲ್ಲ."

ಮುಂದೆ ಪ್ರತಿ ಬೇಸಿಗೆಗೂ ಗಡಿಗೆ ಹೊತ್ತು ಬಂದರು. ಪ್ರತಿ ಸಲವೂ ಯಾರೋ ನೀರನ್ನೇ ನೋಡಿ ಹೋದರು. ಎಂಬತ್ತರ ದಶಕದಲ್ಲಿ ಅವರು ಲಿಂಗೈಕ್ಯರಾದಾಗಲೂ ಕೈಗಳ ಬಣ್ಣ ಬಿಟ್ಟಿರಲಿಲ್ಲ, ಹಳ್ಳದ್ದೂ ಬಿಟ್ಟಿರಲಿಲ್ಲ.

ಆ ಎರಡು ಗಡಿಗೆ ಈಗ ನನ್ನ ಹಿತ್ತಲಲ್ಲಿವೆ, ಕೆಸರು ತುಂಬಿಕೊಂಡು. ತೊಳೆಯಲು ಯಾರನ್ನೂ ಬಿಡುವುದಿಲ್ಲ.