ದೆವ್ವಕ್ಕೆ ಇಟ್ಟ ತಾಟು

ನಸುಕಿನ ಫಜರ್ ನಮಾಜು ಮುಗಿದ ಕೂಡಲೇ ಬೀಬಿಜಾನ ಹೊಸ್ತಿಲಾಚೆಯ ಕರಿಗಲ್ಲಿನ ಮುಂದೆ ಕೂತು ತನ್ನ ಹತ್ತೂ ಉಗುರುಗಳನ್ನು ತಿಕ್ಕಿ ನುಣುಪು ಮಾಡಿಕೊಳ್ಳುತ್ತಿದ್ದಳು. ಒಂದೊಂದು ಉಗುರಿಗೆ ಒಂದೊಂದು ಬಿಸ್ಮಿಲ್ಲಾ. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ನೆಂಟರಿರಲಿ, ಇದು ತಪ್ಪುತ್ತಿರಲಿಲ್ಲ. ಗಂಡ ಮೌಲಾಸಾಬ ತೀರಿಕೊಂಡ ದಿನವೂ ಮೊದಲು ಉಗುರು ತಿಕ್ಕಿ, ಆಮೇಲೆ ಅಳಲು ಕೂತಳೆಂದು ಓಣಿಯ ಹೆಂಗಸರು ಹೇಳುತ್ತಿದ್ದರು. ಯಾವ ಗಳಿಗೆಗೆ ಯಾರ ಮನೆಯಿಂದ ಕರೆ ಬರುವುದೋ, ಆಗ ಉಗುರು ನೋಡಿಕೊಳ್ಳಲು ಪುರಸೊತ್ತು ಎಲ್ಲಿದೆ?

ಹುಟ್ಟಿದ್ದು ತಿಕೋಟಾದಲ್ಲಿ, ಸೂಲಗಿತ್ತಿಯಾದದ್ದು ಬಬಲೇಶ್ವರದಲ್ಲಿ, ಅತ್ತೆಯ ಕೈಕೆಳಗೆ. ಕೂಸು ಹೊರಗೆ ಬಂದ ಮೇಲೆ ಎಲ್ಲರೂ ಕೂಸನ್ನು ನೋಡುತ್ತಾರೆ, ನೀನು ತಾಯಿಯನ್ನು ನೋಡು ಎಂಬುದೊಂದೇ ಅತ್ತೆಯ ಪಾಠ. ಬೀಬಿಜಾನ ಅದಕ್ಕೆ ತನ್ನದೊಂದು ನೇಮ ಸೇರಿಸಿಕೊಂಡಿದ್ದಳು: ಕಲಮಾ ಹೇಳುವ ಬಾಯಿಂದ ಸುಳ್ಳು ಹೇಳಬಾರದು. ಇದರಿಂದ ಆಕೆಗೆ ಬಹಳ ನಷ್ಟವಾಗಿತ್ತು. ಕೂಸು ಚೆಂದ ಇದೆಯಲ್ಲವೇ ಎಂದು ಗೌಡರ ಮನೆಯವರು ಕೇಳಿದರೆ, ಈಗಲೇ ಹೇಳಲು ಬರುವುದಿಲ್ಲ, ಒಂದು ವಾರ ತಡೆಯಿರಿ ಎನ್ನುವಳು.

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಪ್ರತಿ ಮಂಗಳವಾರ ವಿಜಾಪುರದಿಂದ ಬಸ್ಸಿನಲ್ಲಿ ರಿಬ್ಕಾಬಾಯಿ ಎಂಬ ನರ್ಸು ಬರುತ್ತಿದ್ದಳು. ಕೊಂಕಣದ ಕಡೆಯ ಯಹೂದಿ ಮನೆತನ, ಅಜ್ಜಂದಿರು ಎಣ್ಣೆಗಾಣ ನಡೆಸಿದವರು. ಅವರ ಧರ್ಮದಂತೆ ಶನಿವಾರ ಒಲೆ ಹಚ್ಚುವುದಿಲ್ಲ ಎಂದು ಕೇಳಿದ ಊರವರು ಆಕೆಯನ್ನು ಹನುಮಪ್ಪನ ಭಕ್ತೆಯೆಂದು ತಿಳಿದಿದ್ದರು. ಆಕೆಯೂ ಒಂದೆರಡು ಸಲ ತಿದ್ದಿ, ಆಮೇಲೆ ಬಿಟ್ಟಿದ್ದಳು.

ಕೆಲಸ ಮುಗಿಸಿ ಬಸ್ಸಿಗೆ ಕಾಯುವಾಗ ಬೇವಿನ ಮರದ ಕೆಳಗೆ ಇಬ್ಬರೂ ಕೂಡುತ್ತಿದ್ದರು. ರಿಬ್ಕಾಬಾಯಿಗೆ ಹೇಳುವುದು ಇಷ್ಟ, ಬೀಬಿಜಾನಗೆ ಕೇಳುವುದು ಇಷ್ಟ. ಹೀಗೇ ಒಂದು ದಿನ ಲಿಲಿತ್ ಎಂಬ ಹೆಣ್ಣುದೆವ್ವದ ಮಾತು ಬಂತು. ಆದಮನ ಮೊದಲ ಹೆಂಡತಿಯಂತೆ, ಹವ್ವಾಳಿಗಿಂತ ಮುಂಚಿನವಳು. ಇಬ್ಬರನ್ನೂ ಒಂದೇ ಮಣ್ಣಿನಿಂದ ಮಾಡಿರುವಾಗ ನಿನ್ನ ಕೆಳಗೆ ನಾನೇಕೆ ಇರಲಿ ಎಂದು ಜಗಳ ತೆಗೆದು ಹಾರಿಹೋದಳಂತೆ. ಅಂದಿನಿಂದ ಹಸುಗೂಸುಗಳ ಬೆನ್ನು ಹತ್ತಿದ್ದಾಳೆಂದು, ರಿಬ್ಕಾಬಾಯಿ ಹುಟ್ಟಿದಾಗ ಆಕೆಯ ಅಜ್ಜಿ ಮೂವರು ದೇವದೂತರ ಹೆಸರು ಬರೆದ ಕಾಗದವನ್ನು ಗೋಡೆಗೆ ಅಂಟಿಸಿದ್ದಳಂತೆ.

ಬೀಬಿಜಾನ ಕೇಳಿದಳು, "ಇದನ್ನ ಹವ್ವಾಗ ಯಾರರ ಹೇಳಿದ್ರೇನ್ರಿ?"

ರಿಬ್ಕಾಬಾಯಿ ನಕ್ಕು ನಕ್ಕು ಬಸ್ಸು ತಪ್ಪಿಸಿಕೊಂಡಳು. ಮುಂದಿನ ಬಸ್ಸು ಬರುವತನಕ ಲಿಲಿತಳ ಬಳಗದ ಕಥೆಯೂ ಆಯಿತು. ಊರ ಹೆಂಗಸರ ಹಾಗೆಯೇ ಇದ್ದು, ಕೂದಲು ಬಿಚ್ಚಿದರೆ ಹಾರುವವರು, ರಕ್ತ ಹೀರುವವರು. ಗೋರಿಯಿಂದ ಎದ್ದುಬಂದು ರಕ್ತ ಕುಡಿಯುವ ದೆವ್ವಗಳ ಕಥೆ ಪರದೇಶದಲ್ಲಿ ಹುಟ್ಟಿದ್ದು ಇವರಿಂದಲೇ ಎಂದು ಓದಿದವರು ಕೆಲವರು ಹೇಳುತ್ತಾರಂತೆ. ಇವರಲ್ಲಿ ಒಬ್ಬಳಿಗೆ ಯಾರಾದರೂ ಹೊಡೆದರೆ, ಹೊಡೆದವರ ಕೈಯಿಂದಲೇ ರೊಟ್ಟಿ, ಉಪ್ಪು ತಿನ್ನಬೇಕು. ಇಲ್ಲದಿದ್ದರೆ ಸಾಯುತ್ತಾಳೆ. ಬೀಬಿಜಾನಗೆ ಈ ರೊಟ್ಟಿ, ಉಪ್ಪಿನ ಮಾತು ಹಿಡಿಸಿತು. ದೆವ್ವಕ್ಕೂ ಕಡೆಗೆ ಹಸಿವೆಯೇ ಎಂದುಕೊಂಡಳು.

ಆ ದಿನಗಳಲ್ಲಿ ಬೀಬಿಜಾನಗೆ ಒಂದೇ ಚಿಂತೆಯಿತ್ತು. ಬ್ರಾಹ್ಮಣರ ಓಣಿಯ ವತ್ಸಲಾಬಾಯಿಯ ಸೊಸೆ ಗೋದಾ ಹಡೆದು ಏಳು ದಿನವಾಗಿತ್ತು, ಎದೆಯಲ್ಲಿ ಹಾಲು ಸಾಲದು. ತಾಯಿಯಿಲ್ಲದ ಹುಡುಗಿ, ಅದಕ್ಕೇ ಅತ್ತೆಮನೆಯಲ್ಲೇ ಬಾಣಂತನ. ಗಂಡ ಪ್ರಲ್ಹಾದ ವಿಜಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ, ರವಿವಾರಕ್ಕೊಮ್ಮೆ ಬರುವವನು. ವತ್ಸಲಾಬಾಯಿ ಕೆಟ್ಟವಳಲ್ಲ, ಆದರೆ ಪಥ್ಯದ ವಿಷಯದಲ್ಲಿ ಕಲ್ಲು. ಬಾಣಂತಿಗೆ ಎರಡು ಹೊತ್ತು ಒಂದೊಂದು ಹಿಡಿ ಮೆತ್ತನ್ನ, ಮೆಣಸಿನ ಸಾರು, ಅಳೆದು ಒಂದು ತಂಬಿಗೆ ನೀರು. ಹೊಟ್ಟೆ ತುಂಬ ಹಾಕಿರಿ ಎಂದು ಬೀಬಿಜಾನ ದಿನಾ ಹೇಳುತ್ತಿದ್ದಳು, ನಾವೆಲ್ಲ ಹೀಗೇ ಹಡೆದವರಲ್ಲವೇ ಎಂದು ವತ್ಸಲಾಬಾಯಿ ದಿನಾ ಹೇಳುತ್ತಿದ್ದಳು. ಕೂಸು ಅತ್ತು ಅತ್ತು ದನಿ ಸಣ್ಣದಾಗುತ್ತ ಬಂದಿತ್ತು.

ಎಂಟನೆಯ ದಿನ ಮಧ್ಯಾಹ್ನ ಆ ಮನೆಯಿಂದ ಕರೆ ಬಂತು. ಬೀಬಿಜಾನ ಹೋದರೆ ವತ್ಸಲಾಬಾಯಿ ಪಡಸಾಲೆಯ ಕಂಬ ಹಿಡಿದು ನಿಂತಿದ್ದಳು. ಊಟವಾಗಿ ಅಡ್ಡಾಗಿದ್ದಾಗ ಅಡುಗೆಮನೆಯಲ್ಲಿ ಸಪ್ಪಳವಾಯಿತಂತೆ. ಹಣಿಕಿ ನೋಡಿದರೆ ಕತ್ತಲಲ್ಲಿ ಜೋಳದ ಭಕ್ಕರಿಯ ಬುಟ್ಟಿಯ ಮುಂದೆ ಒಬ್ಬಳು ಕುಕ್ಕರಗಾಲಲ್ಲಿ ಕೂತಿದ್ದಳಂತೆ. ಸೊಂಟದವರೆಗೆ ಬಿಚ್ಚಿದ ಕೂದಲು, ಎರಡೂ ಕೈಯಿಂದ ತಿನ್ನುವುದು. ವತ್ಸಲಾಬಾಯಿ ಲಟ್ಟಣಿಗೆ ಬೀಸಿ ಒಗೆದಳಂತೆ, ತಗುಲಿತಂತೆ. ಆಮೇಲೆ ಕಣ್ಣು ಮುಚ್ಚಿ ರಾಯರ ನಾಮ ಹೇಳಿ, ಕಣ್ಣು ತೆರೆದರೆ ಯಾರೂ ಇಲ್ಲ. ಮೂರು ಭಕ್ಕರಿಯೂ ಇಲ್ಲ.

"ಕೂಸಿನ ಸಲುವಾಗೇ ಬಂದದ ಅದು. ತೊರವಿಯಿಂದ ದೆವ್ವ ಬಿಡಸೋ ಈರಯ್ಯನ್ನ ಕರಸ್ತೇನಿ. ಮೆಣಸಿನಕಾಯಿ ಹೊಗಿ ಹಾಕಿ, ಬಾಣಂತಿನ್ನ ಮೂರು ದಿನ ಉಪಾಸ ಕೆಡವತಾನಂತ."

ಬೀಬಿಜಾನ ಬಾಣಂತಿಯ ಕೋಣೆಗೆ ಹೋದಳು. ಹೆರಿಗೆಯ ಮೈಲಿಗೆಯಿರುವ ಪುರುಡಿನ ಕೋಣೆಗೆ ಮಡಿಯಿಲ್ಲ, ಹಾಗಾಗಿ ಆ ಮನೆಯಲ್ಲಿ ಆಕೆಗೆ ಅಡೆತಡೆಯಿಲ್ಲದ ಜಾಗ ಅದೊಂದೇ. ಎಣ್ಣೆನೀರು ಹಾಕಿ ಲೋಬಾನದ ಹೊಗೆಗೆ ಹರವಿದ ಕೂದಲನ್ನು ಹಾಗೇ ಬಿಟ್ಟುಕೊಂಡು ಗೋದಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತೋಳಿನ ಮೇಲೆ ನಿಂಬೆಹಣ್ಣಿನಷ್ಟು ಬಾವು. ತುಟಿಯಂಚಿನಲ್ಲಿ ಶೇಂಗಾ ಚಟ್ನಿ.

"ಹಸಿವಿ ತಾಳಲಾರದ ಹೋದೆ, ಬೀಬಿ ಆಯಿ," ಎಂದಳು ಗೋದಾ. "ಅತ್ತಿಯವರಿಗೆ ಹೇಳಬ್ಯಾಡ್ರಿ."

ಹೇಳುವ ಹಾಗೂ ಇರಲಿಲ್ಲ. ಪುರುಡಿನವಳು ಮಡಿಯ ಅಡುಗೆಮನೆ ಹೊಕ್ಕಳೆಂದು ಗೊತ್ತಾದರೆ ಉಪ್ಪಿನಕಾಯಿ ಭರಣಿಯಿಂದ ಹಿಡಿದು ಎಲ್ಲವೂ ಬೀದಿಗೆ ಬೀಳುತ್ತಿತ್ತು, ಹುಡುಗಿ ಆ ಮನೆಯಲ್ಲಿ ಜನ್ಮವಿಡೀ ತಲೆ ಎತ್ತುತ್ತಿರಲಿಲ್ಲ. ಹೇಳದಿದ್ದರೆ ಮೂರು ದಿನ ಉಪವಾಸ, ಕೂಸಿನ ಗತಿ? ಸುಳ್ಳು ಹೇಳಲು ಬಾಯಿಯಿಲ್ಲ. ಬೀಬಿಜಾನ ಸೆರಗಿನಿಂದ ಗೋದಾಳ ತುಟಿ ಒರೆಸಿ, ಮನಸ್ಸಿನಲ್ಲೇ ಅಲ್ಲಾಹನನ್ನು ನೆನೆದು ಹೊರಗೆ ಬಂದಳು.

ನರ್ಸುಬಾಯಿ ಹೇಳಿದ್ದನ್ನು ಹೇಳುತ್ತೇನೆ, ನಾನು ಕಂಡದ್ದಲ್ಲ ಎಂದು ಮೊದಲೇ ತಿಳಿಸಿ, ರೊಟ್ಟಿ, ಉಪ್ಪಿನ ಕಥೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು.

"ಸಾಯಲಿ ಬಿಡು, ಪೀಡಾ ಹೋತು," ಎಂದಳು ವತ್ಸಲಾಬಾಯಿ.

"ಆತ್ರಿ ಬಾಯಾರ. ಆದರ ನಿಮ್ಮ ಮನ್ಯಾಗ ಸತ್ತರ ಸೂತಕ ಯಾರಿಗ್ರಿ?"

ವತ್ಸಲಾಬಾಯಿ ಇದನ್ನು ಯೋಚಿಸಿರಲಿಲ್ಲ. ಪುರುಡಿನ ಮೇಲೆ ಸೂತಕ, ಅದೂ ಗೋತ್ರ ಗೊತ್ತಿಲ್ಲದ ದೆವ್ವದ್ದು. ಯಾವ ಆಚಾರ್ಯರನ್ನು ಕೇಳುವುದು, ಎಷ್ಟು ದಿನ ಹಿಡಿಯುವುದು? ಈರಯ್ಯನ ಮಾತು ಅಲ್ಲಿಗೇ ನಿಂತಿತು. ರೊಟ್ಟಿ, ಉಪ್ಪು ಎಲ್ಲಿ ಇಡಬೇಕು ಎಂದು ಕೇಳಿದಳು. ಕೂಸಿರುವ ಕಡೆಗೇ ಬರುತ್ತದೆ ಎಂದು ನೀವೇ ಹೇಳಿದಿರಲ್ಲ ಎಂದಳು ಬೀಬಿಜಾನ. ಎಷ್ಟು ದಿನ? ಕಥೆಯಲ್ಲಿ ದಿನದ ಲೆಕ್ಕ ಬಂದಿಲ್ಲ, ಪೆಟ್ಟು ಆರುವತನಕ ಇಡುವುದು ನ್ಯಾಯ ಅನಿಸುತ್ತದೆ.

ಆ ಸಂಜೆಯೇ ಬಾಣಂತಿಯ ಕೋಣೆಯ ಹೊಸ್ತಿಲ ಬಳಿ ಎರಡು ಭಕ್ಕರಿ, ಉಪ್ಪು ಬಂದವು. ಮರುದಿನ ವತ್ಸಲಾಬಾಯಿಗೇ ನಾಚಿಕೆಯಾಯಿತು. ದೆವ್ವವಾದರೇನು, ಮನೆಗೆ ಬಂದದ್ದಕ್ಕೆ ಬರೀ ಉಪ್ಪು ಇಡುವುದು ಹೇಗೆ? ತುಪ್ಪ ಬಂತು. ಆಮೇಲೆ ಬೇಳೆ, ಸಬ್ಬಸಿಗೆ ಪಲ್ಯ, ಒಂದು ದೊಡ್ಡ ಲೋಟ ಹಾಲು. ಅತ್ತ ಸೊಸೆಗೆ ಅದೇ ಒಂದು ಹಿಡಿ ಮೆತ್ತನ್ನ, ಇತ್ತ ದೆವ್ವಕ್ಕೆ ಹಬ್ಬದೂಟ. ತಾಟು ಪ್ರತಿ ಸಲ ಖಾಲಿಯಾಗಿ, ತೊಳೆದು ಬೋರಲು ಹಾಕಿರುತ್ತಿತ್ತು. ಒಳ್ಳೆಯ ಮನೆತನದ ದೆವ್ವವಿರಬೇಕು ಎಂದು ವತ್ಸಲಾಬಾಯಿ ಮೆಚ್ಚಿಕೊಂಡಳು. ಮೆಂತ್ಯದ ಹಿಟ್ಟು ಮಾತ್ರ ಹಾಗೇ ಉಳಿದಿದ್ದ ದಿನ, ನಮ್ಮ ಗೋದಾಗೂ ಇದು ಸೇರುವುದಿಲ್ಲ ಎಂದು ಹೇಳಿ, ಸ್ವಲ್ಪ ಹೊತ್ತು ತಾಟನ್ನೇ ನೋಡುತ್ತ ನಿಂತಳು. ಮರುದಿನದಿಂದ ಹಿಟ್ಟು ಇಡಲಿಲ್ಲ.

ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿದರು. ಅದರ ಅಳು ಓಣಿಯ ಕೊನೆಯವರೆಗೆ ಕೇಳುತ್ತಿತ್ತು. ಮಂಗಳವಾರವೇ ಆದ್ದರಿಂದ ರಿಬ್ಕಾಬಾಯಿಯೂ ಬಂದು, ಕೂಸನ್ನು ತೂಗಿ ನೋಡಿ, ಬೀಬಿಜಾನ ಕಿವಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿ, ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಲಿಗೆ ಓಡಿದಳು.

ಹೊರಡುವಾಗ ವತ್ಸಲಾಬಾಯಿ ಬೀಬಿಜಾನಳನ್ನು ತಡೆದಳು. ದೆವ್ವದ ಋಣ ತೀರಿತು, ಇಂದಿಗೆ ಅದರ ತಾಟು ನಿಲ್ಲಿಸುತ್ತೇನೆ ಎಂದಳು. ನಾಳೆಯಿಂದ ಆ ತಾಟು ಬೀಬಿಜಾನಗೆ. ಎರಡು ಭಕ್ಕರಿ, ತುಪ್ಪ, ಪಲ್ಯ, ಜೀವ ಇರುವತನಕ ದಿನಾ.

ಬೀಬಿಜಾನ ಹೊಸ್ತಿಲ ಬಳಿಯ ತಾಟಿನ ಕಡೆ ನೋಡಿದಳು. ಒಬ್ಬಂಟಿ ಹೆಂಗಸು, ವಾರದಲ್ಲಿ ಎರಡು ದಿನ ಒಲೆ ಹಚ್ಚದವಳು, ಅವಳ ಮನೆಯಲ್ಲಿ ತುಪ್ಪ ಕಂಡು ವರ್ಷವಾಗಿತ್ತು. ಬೆಳಿಗ್ಗೆ ಗೋದಾಗೆ ನೀರು ಹಾಕುವಾಗ ತೋಳು ನೋಡಿದ್ದಳು. ಬಾವು ಇಳಿದು ಹಸಿರು ತಿರುಗಿತ್ತು, ಅಷ್ಟೆ.

"ನಂಗ ಬ್ಯಾಡ್ರಿ ಬಾಯಾರ," ಎಂದಳು. "ತಾಟು ಇದ್ದಲ್ಲೇ ಇರಲಿ. ನೀವು ಹೊಡದ ಪೆಟ್ಟು ಇನ್ನೂ ಆರಿಲ್ರಿ."