ನಮ್ಮ ಯಜಮಾನರಿಗೆ ಸಂಬಂಧ ಬಂತು

ಸ್ನೇಹಿತರೇ, ತೀರಿಕೊಂಡು ವರ್ಷ ತುಂಬದ ನಮ್ಮ ಯಜಮಾನರಿಗೆ ಇವತ್ತು ಹೆಣ್ಣು ಬಂತು! ತಿಲಕ್ ನಗರದ ಮಾರ್ಕೆಟ್‌ನಲ್ಲಿ ಸೊಪ್ಪು ಆರಿಸುತ್ತಿದ್ದಾಗ ಮದುವೆ ಬ್ಯೂರೋದ ಹುಡುಗಿಯ ಫೋನ್. ಇವರ ಹೆಸರು ಹೇಳಿ ಕೇಳಿದಳು:

"ವರನ ತಾಯಿನಾ ಮೇಡಂ? ವಯಸ್ಸು ಇಪ್ಪತ್ತಾರು, ಮದುವೆ ಆಗಿಲ್ಲ ಅಂತ ಆನ್‌ಲೈನ್ ಸರ್ವೇಲಿ ಬರೆದಿದ್ದಾರೆ."

ಕೂಪನ್ ಆಸೆಗೆ ಸರ್ವೇ ತುಂಬುವಾಗೆಲ್ಲ ಇವರು, "ನಿಜ ಬರೆದ್ರೆ ನಮ್ಮ ವಿವರ ಮಾರ್ಕೋತಾರೆ ಕಣೇ" ಎನ್ನುತ್ತಿದ್ದರು. ಸರ್ವೇಯವರು ಸುಳ್ಳನ್ನೂ ಮಾರಿದ್ದಾರೆ! ಅವರ ಹೆಸರು, ಕೂಪನ್ ಬರಲೆಂದು ಕೊಟ್ಟ ನನ್ನ ನಂಬರ್, ಇವೆರಡೇ ನಿಜ.

ಸೊಪ್ಪಿನವಳು ಗಾಬರಿಯಾಗುವಷ್ಟು ನಕ್ಕೆ. "ನಾನು ಅವರ ಹೆಂಡ್ತಿ ಕಣಮ್ಮಾ. ಅವರು ಹೋಗ್ಬಿಟ್ರು."

"ಅಯ್ಯೋ, ಸಾರಿ ಆಂಟಿ! ಸಾರ್ ಹೆಸರು ತೆಗೆದುಬಿಡ್ಲಾ?"

ಬ್ಯಾಂಕು, ರೇಷನ್ ಕಾರ್ಡು, ಎಲ್ಲ ಕಡೆಯಿಂದಲೂ ನಾನೇ ಹೋಗಿ ಅವರ ಹೆಸರು ತೆಗೆಸಿದ್ದೇನೆ.

"ಬೇಡಮ್ಮಾ, ಅಲ್ಲೊಂದು ಕಡೆ ಇರ್ಲಿ. ಹುಡುಗಿ ಫೋಟೋ ಮಾತ್ರ ಮೊದ್ಲು ನನಗೆ ಕಳಿಸು."